ಯಾವ ದಾರಿ, ಎಷ್ಟು ಹೊರೆ: ದೂರದ ಚಾರಣವನ್ನೂ ಅದರ ಸಾಮಾನನ್ನೂ ಆರಿಸಿಕೊಳ್ಳುವ ಬಗೆ

ಮೊದಲ ಬಾರಿಗೆ ಹಲವು ದಿನಗಳ ಚಾರಣಕ್ಕೆ ಹೊರಡಬೇಕೆಂದಿರುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತಾರೆ. ಆಲ್ಪ್ಸ್‌ಗೆ ಹೋಗಲೇ, ಹಿಮಾಲಯಕ್ಕೆ ಹೋಗಲೇ, ಕಿಲಿಮಂಜಾರೋ ಹತ್ತಲೇ ಎಂಬುದು ಒಂದು; ಎಂತಹ ಶೂ, ಎಷ್ಟು ದೊಡ್ಡ ಚೀಲ, ಯಾವ ಸ್ಲೀಪಿಂಗ್ ಬ್ಯಾಗ್ ಕೊಳ್ಳಲಿ ಎಂಬುದು ಇನ್ನೊಂದು. ಇವೆರಡಕ್ಕೂ ಉತ್ತರ ಸಿಗುವುದು ಹೆಚ್ಚಿನವರು ಕೇಳದೇ ಬಿಡುವ ಮೂರನೆಯ ಪ್ರಶ್ನೆಯಿಂದ: ರಾತ್ರಿ ಎಲ್ಲಿ ಮಲಗುತ್ತೀರಿ?

ದಾರಿಯಲ್ಲೇ ಹಾಸಿಗೆ, ಹೊದಿಕೆ, ಬಿಸಿ ಊಟ ಸಿಗುವುದಾದರೆ ಬೆನ್ನ ಮೇಲೆ 6ರಿಂದ 8 ಕಿಲೋ ಇದ್ದರೆ ಸಾಕು. ಡೇರೆ, ಒಲೆ, ನಾಲ್ಕು ದಿನಗಳ ಆಹಾರ ಎಲ್ಲವನ್ನೂ ಹೊರಬೇಕಾದರೆ ಅದು ಸುಲಭವಾಗಿ 14 ಕಿಲೋ ದಾಟುತ್ತದೆ. ಹೊರೆ ಇಮ್ಮಡಿಯಾದಾಗ ಚೀಲದ ಅಳತೆ, ಶೂನ ಬಿಗಿ, ದಿನಕ್ಕೆ ನಡೆಯಬಲ್ಲ ದೂರ, ಮಂಡಿಯ ಮೇಲಿನ ಭಾರ ಎಲ್ಲವೂ ಬದಲಾಗುತ್ತವೆ. ಆದ್ದರಿಂದ ರಾತ್ರಿಯ ಬಿಡಾರವನ್ನು ಮೊದಲು ಗೊತ್ತುಮಾಡಿಕೊಂಡರೆ ಉಳಿದ ಆಯ್ಕೆಗಳಲ್ಲಿ ಅರ್ಧದಷ್ಟು ತಾವಾಗಿಯೇ ತೀರ್ಮಾನವಾಗುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ಯಾವುದನ್ನು ಅಳೆಯಬೇಕು

ಬಿಡಾರದ ನಂತರ ನೋಡಬೇಕಾದದ್ದು ಎತ್ತರ. ಇಲ್ಲಿ ಎರಡು ಬಗೆಯ ಎತ್ತರಗಳನ್ನು ಬೇರೆಯಾಗಿ ನೋಡಬೇಕು. ಸಮುದ್ರಮಟ್ಟದಿಂದ ಎಷ್ಟು ಮೇಲೆ ಇರುತ್ತೀರಿ ಎಂಬುದು ಉಸಿರಾಟಕ್ಕೂ ಚಳಿಗೂ ಸಂಬಂಧಿಸಿದ್ದು; ದಿನಕ್ಕೆ ಎಷ್ಟು ಹತ್ತಿ ಇಳಿಯುತ್ತೀರಿ ಎಂಬುದು ಕಾಲಿಗೆ ಸಂಬಂಧಿಸಿದ್ದು. ಪ್ರತಿ 1,000 ಮೀಟರ್ ಮೇಲೇರಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕಾಲಿನ ಲೆಕ್ಕಕ್ಕೆ ಸ್ಕಾಟ್‌ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಉಪಯುಕ್ತ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದಾಗ ಹಿಡಿಯುವ ಸಮಯವಾದ್ದರಿಂದ, ಹೊರೆ ಹೊತ್ತ ಹೊಸಬರು ಅದರ ಮೇಲೆ ಅರ್ಧದಷ್ಟನ್ನಾದರೂ ಸೇರಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು ನೀರು, ಅಂದರೆ ಮೇಲಿನಿಂದ ಬೀಳುವ ಮಳೆ ಮತ್ತು ಅಡ್ಡಲಾಗಿ ಹರಿಯುವ ಹೊಳೆ. ನಾಲ್ಕನೆಯದನ್ನು ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲಾಗುತ್ತದೆ: ಮೂರನೆಯ ದಿನ ಮಂಡಿ ಊದಿಕೊಂಡರೆ ಅಥವಾ ಜ್ವರ ಬಂದರೆ ದಾರಿಯ ಮಧ್ಯದಿಂದ ಹೊರಬರಲು ಸಾಧ್ಯವೇ? ಕೊನೆಯದು ಹಣ. ಒಟ್ಟು ಎಷ್ಟು ಎಂಬುದರ ಜೊತೆಗೆ ಅದು ಯಾವುದಕ್ಕೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಕೆಲವು ದಾರಿಗಳಲ್ಲಿ ಅದು ಗೈಡ್ ಮತ್ತು ಪರವಾನಗಿಗೆ, ಕೆಲವು ಕಡೆ ಹಾಸಿಗೆಗೆ, ಇನ್ನು ಕೆಲವು ಕಡೆ ನೀವೇ ಕೊಳ್ಳಬೇಕಾದ ಸಾಮಾನಿಗೆ ಹೋಗುತ್ತದೆ. ಸಾಮಾನಿಗೆ ಹಾಕಿದ ಹಣ ಮುಂದಿನ ಹತ್ತು ಚಾರಣಗಳಿಗೂ ಬರುತ್ತದೆ. ಪರವಾನಗಿಗೆ ಹಾಕಿದ್ದು ಆ ಒಂದು ಚಾರಣದೊಂದಿಗೆ ಮುಗಿಯುತ್ತದೆ.

ಮಾಂಟ್ ಬ್ಲಾಂಕ್ ಪ್ರದಕ್ಷಿಣೆ

ಫ್ರಾನ್ಸ್, ಇಟಲಿ, ಸ್ವಿಟ್ಜರ್‌ಲೆಂಡ್ ಮೂರನ್ನೂ ಹಾದು ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತುವ ಈ ದಾರಿ ಸುಮಾರು 170 ಕಿಲೋಮೀಟರ್ ಉದ್ದವಿದೆ, ಒಟ್ಟು ಏರು 10,000 ಮೀಟರಿನಷ್ಟು. ನೈಸ್ಮಿತ್ ಸೂತ್ರದಂತೆ 51 ಗಂಟೆಗಳ ನಡಿಗೆ. 11 ದಿನಗಳಿಗೆ ಹಂಚಿದರೆ ದಿನಕ್ಕೆ ನಾಲ್ಕೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು, ನಾನು ಹೇಳಿದ ಅರ್ಧವನ್ನು ಸೇರಿಸಿದರೆ ಏಳು ಗಂಟೆ. ದಾರಿಯ ಅತಿ ಎತ್ತರದ ಸ್ಥಳಗಳೂ 2,700 ಮೀಟರಿನೊಳಗೇ ಇರುವುದರಿಂದ ಎತ್ತರದ ಕಾಯಿಲೆಯ, ಅಂದರೆ ತೆಳುಗಾಳಿಗೆ ದೇಹ ಒಗ್ಗದೆ ಬರುವ ತಲೆನೋವು, ವಾಕರಿಕೆಗಳ ಭಯ ಬಹಳ ಕಡಿಮೆ. ಇಲ್ಲಿ ಪರೀಕ್ಷೆಗೊಳಗಾಗುವುದು ಉಸಿರಿಗಿಂತ ಹೆಚ್ಚಾಗಿ ಮಂಡಿ, ಏಕೆಂದರೆ ಪ್ರತಿದಿನವೂ ಒಂದು ಕಣಿವೆಯಿಂದ ಹತ್ತಿ ಇನ್ನೊಂದಕ್ಕೆ ಇಳಿಯಬೇಕು.

ರಾತ್ರಿಗೆ ರೆಫ್ಯೂಜ್ ಎಂದು ಕರೆಯುವ ಪರ್ವತ ವಸತಿಗಳಿವೆ. ಊಟ, ಹಾಸಿಗೆ, ಕಂಬಳಿ ಮೂರೂ ಸಿಗುತ್ತವೆ. ನೀವು ಒಯ್ಯಬೇಕಾದದ್ದು ಸ್ಲೀಪಿಂಗ್ ಬ್ಯಾಗ್‌ನ ಒಳಗೆ ಹಾಕುವಂತಹ ತೆಳುವಾದ ಬಟ್ಟೆಯ ಚೀಲವೊಂದನ್ನೇ. ಊರುಗಳು ಆಗಾಗ ಎದುರಾಗುವುದರಿಂದ ಬೇಸರವಾದರೆ ಅಥವಾ ಕಾಲು ನೊಂದರೆ ಬಸ್ಸು ಹಿಡಿದು ಒಂದು ಹಂತವನ್ನು ಬಿಟ್ಟುಬಿಡಬಹುದು. ಹೊರಬರುವ ದಾರಿಗಳ ದೃಷ್ಟಿಯಿಂದ ಈ ಲೇಖನದಲ್ಲಿ ಇದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ. ಬದಲಿಗೆ ಕೊಡಬೇಕಾದ ಬೆಲೆಯೂ ಇದೆ: ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಚಿಕ್ಕ ಅವಧಿಯಲ್ಲಿ ದಾರಿ ಜನರಿಂದ ತುಂಬಿರುತ್ತದೆ, ಹಾಸಿಗೆಗಳನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು, ದಿನವೂ ಹಾಸಿಗೆಗೆ ಹಣ ತೆರುತ್ತ ಹೋಗಬೇಕು. ಏಕಾಂತಕ್ಕಾಗಿ ಚಾರಣ ಮಾಡುವವರಿಗೆ ಇದು ಹೊಂದುವುದಿಲ್ಲ.

ಎವರೆಸ್ಟ್ ಬೇಸ್ ಕ್ಯಾಂಪ್ ಮತ್ತು ಕಿಲಿಮಂಜಾರೋ

ಈ ಎರಡರ ನಡುವೆ ತೂಗಾಡುವವರೇ ಹೆಚ್ಚು, ಏಕೆಂದರೆ ಎರಡೂ 5,000 ಮೀಟರ್ ದಾಟುತ್ತವೆ, ಎರಡಕ್ಕೂ ಹಗ್ಗ ಹಿಡಿದು ಹತ್ತುವ ಕೌಶಲ ಬೇಡ. ಆದರೆ ದೇಹದ ಮೇಲೆ ಅವು ಮಾಡುವ ಪರಿಣಾಮ ಬೇರೆ ಬೇರೆ.

ಎತ್ತರಕ್ಕೆ ಒಗ್ಗಿಕೊಳ್ಳುವ ಬಗ್ಗೆ ವೈದ್ಯರು ಕೊಡುವ ಸಲಹೆ ಸರಳವಾಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ಉಳಿಯಬೇಕು. ಇಲ್ಲಿಯೂ ಮುಖ್ಯವಾದದ್ದು ರಾತ್ರಿಯೇ. ಹಗಲಿನಲ್ಲಿ ಎಷ್ಟು ಮೇಲೆ ಹೋಗಿಬಂದಿರಿ ಎಂಬುದಕ್ಕಿಂತ ಎಲ್ಲಿ ಮಲಗಿದಿರಿ ಎಂಬುದನ್ನು ದೇಹ ಲೆಕ್ಕವಿಡುತ್ತದೆ. ನೇಪಾಳದಲ್ಲಿ ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗುವ ದಾರಿ ಈ ನಿಯಮಕ್ಕೆ ಸಾಕಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ. 2,860 ಮೀಟರಿನ ಲುಕ್ಲಾದಿಂದ ಹೊರಟು 3,440 ಮೀಟರಿನ ನಾಮ್ಚೆ ಬಜಾರ್‌ನಲ್ಲಿ ಎರಡು ರಾತ್ರಿ, 4,410 ಮೀಟರಿನ ದಿಂಗ್‌ಬೋಚೆಯಲ್ಲಿ ಎರಡು ರಾತ್ರಿ ಕಳೆದು, 5,364 ಮೀಟರಿನ ಬೇಸ್ ಕ್ಯಾಂಪ್ ಮುಟ್ಟಿ ಮರಳಲು 12ರಿಂದ 14 ದಿನಗಳು ಬೇಕು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಅರ್ಧ ಮಾತ್ರ. ರಾತ್ರಿಗೆ ಟೀಹೌಸ್‌ಗಳಿವೆ, ಹಾಸಿಗೆ ಮತ್ತು ಊಟ ಸಿಗುತ್ತವೆ, ಆದರೆ ಮಲಗುವ ಕೋಣೆಗಳನ್ನು ಬಿಸಿ ಮಾಡುವುದಿಲ್ಲವಾದ್ದರಿಂದ ಬೆಚ್ಚನೆಯ ಸ್ಲೀಪಿಂಗ್ ಬ್ಯಾಗ್ ಕೊಂಡೊಯ್ಯಲೇಬೇಕು. ತಲೆನೋವು, ವಾಕರಿಕೆ ಹೆಚ್ಚಾದರೆ ಬಂದ ದಾರಿಯಲ್ಲೇ ಕೆಳಗಿಳಿದು ಹಿಂದಿನ ಹಳ್ಳಿಯಲ್ಲಿ ಮಲಗಬಹುದು ಎಂಬುದು ಈ ದಾರಿಯ ದೊಡ್ಡ ಗುಣ. ಲುಕ್ಲಾದ ವಿಮಾನಗಳು ಹವಾಮಾನ ಕೆಟ್ಟಾಗ ಹಾರುವುದಿಲ್ಲವಾದ್ದರಿಂದ ರಜೆಯ ಕೊನೆಯಲ್ಲಿ ಎರಡು ದಿನಗಳನ್ನಾದರೂ ಖಾಲಿ ಬಿಡಬೇಕು. ಅಷ್ಟು ರಜೆ ಇಲ್ಲದವರು ಈ ದಾರಿಯನ್ನು ಮುಂದೂಡುವುದೇ ಸರಿ.

ಟಾಂಜಾನಿಯಾದ ಕಿಲಿಮಂಜಾರೋ 5,895 ಮೀಟರ್ ಎತ್ತರವಿದ್ದು, ಅದನ್ನು ಐದರಿಂದ ಎಂಟು ದಿನಗಳಲ್ಲಿ ಹತ್ತಿ ಇಳಿಯುತ್ತಾರೆ. ಅಂದರೆ ಹೆಚ್ಚು ಎತ್ತರವನ್ನು ಅರ್ಧದಷ್ಟು ಸಮಯದಲ್ಲಿ ಏರಬೇಕು. ಮೇಲಿನ ನಿಯಮಕ್ಕೆ ಇದು ಒಗ್ಗುವುದಿಲ್ಲ, ಅನೇಕರು ಶಿಖರ ಮುಟ್ಟದೆ ಮರಳಲು ಮುಖ್ಯ ಕಾರಣವೂ ಇದೇ. ಗೈಡ್ ಕಡ್ಡಾಯ, ಡೇರೆ, ಆಹಾರ ಎಲ್ಲವನ್ನೂ ಪೋರ್ಟರುಗಳು ಹೊರುತ್ತಾರೆ, ನಿಮ್ಮ ಬೆನ್ನ ಮೇಲೆ ಉಳಿಯುವುದು ಹಗಲಿನ ಚಿಕ್ಕ ಚೀಲ. ಮರಾಂಗು ದಾರಿಯಲ್ಲಿ ಡೇರೆಯ ಬದಲು ಮರದ ಗುಡಿಸಲುಗಳಿವೆ, ಐದು ದಿನಗಳಲ್ಲೂ ಮುಗಿಸಬಹುದು, ಹಾಗಾಗಿ ಅಗ್ಗವೆನಿಸುತ್ತದೆ. ಆದರೂ ನಾನು ಅದನ್ನು ಸೂಚಿಸುವುದಿಲ್ಲ. ಮಚಾಮೆ ಅಥವಾ ಲೆಮೋಶೋ ದಾರಿಯಲ್ಲಿ ಸುಮಾರು 4,600 ಮೀಟರಿನ ಲಾವಾ ಟವರ್ ತನಕ ಹತ್ತಿ, ಅದೇ ಸಂಜೆ 4,000 ಮೀಟರಿನ ಆಸುಪಾಸಿನಲ್ಲಿರುವ ಬರಾಂಕೋ ಬಿಡಾರಕ್ಕೆ ಇಳಿದು ಮಲಗುತ್ತಾರೆ. ಆ ಒಂದು ಇಳಿತ ದೇಹಕ್ಕೆ ಮಾಡುವ ಉಪಕಾರ ದೊಡ್ಡದು. ಹಣ ಉಳಿಸುವ ಸಲುವಾಗಿ ಕಿಲಿಮಂಜಾರೋದಲ್ಲಿ ದಿನಗಳನ್ನು ಕಡಿಮೆ ಮಾಡಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ತಪ್ಪು ಉಳಿತಾಯ. ಜಾಕೆಟ್ ಬಾಡಿಗೆಗೆ ತಂದು, ಆ ಹಣದಲ್ಲಿ ಒಂದು ದಿನ ಹೆಚ್ಚು ಉಳಿಯಿರಿ. ಜೊತೆಗೆ, ಪೋರ್ಟರುಗಳಿಗೆ ನ್ಯಾಯವಾದ ಕೂಲಿ ಮತ್ತು ಬೆಚ್ಚನೆಯ ಉಡುಪು ಒದಗಿಸುವ ಸಂಸ್ಥೆಯೇ ಎಂದು ಕೇಳಿ ತಿಳಿದುಕೊಂಡ ನಂತರವೇ ಹಣ ಕಟ್ಟಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಮ್ಮ ಹೊರೆ ಹಗುರಾಗಿರುವುದು ಇನ್ನೊಬ್ಬರ ಬೆನ್ನಿನಿಂದ.

ಎರಡಕ್ಕೂ ಅನ್ವಯಿಸುವ ಒಂದು ಮಾತು: ಅನೇಕ ಪ್ರಯಾಣ ವಿಮೆಗಳು ಒಂದು ನಿರ್ದಿಷ್ಟ ಎತ್ತರದವರೆಗೆ ಮಾತ್ರ ರಕ್ಷಣೆ ಕೊಡುತ್ತವೆ. ಹೆಲಿಕಾಪ್ಟರಿನ ವೆಚ್ಚ ಮತ್ತು ಎತ್ತರದ ಮಿತಿ ಎರಡನ್ನೂ ಕರಾರಿನಲ್ಲಿ ಓದಿ ನೋಡಬೇಕು.

ಮಳೆಯ ದಾರಿ, ಗಾಳಿಯ ದಾರಿ

ನ್ಯೂಜಿಲೆಂಡಿನ ಮಿಲ್‌ಫೋರ್ಡ್ ಟ್ರ್ಯಾಕ್ 53.5 ಕಿಲೋಮೀಟರ್, ನಾಲ್ಕು ದಿನ, ಮೂರು ರಾತ್ರಿ. ಎತ್ತರದ ಚಿಂತೆಯಿಲ್ಲ, ಒಂದು ದಿನದ ಏರು ಇಳಿತ ಬಿಟ್ಟರೆ ದಾರಿ ಬಹುಪಾಲು ಸಲೀಸು. ಮಳೆ ಮಾತ್ರ ಅಪಾರ. ದಾರಿ ಮುಗಿಯುವ ಮಿಲ್‌ಫೋರ್ಡ್ ಸೌಂಡ್ ಪ್ರದೇಶದಲ್ಲಿ ವರ್ಷಕ್ಕೆ 6 ಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆ ಮಳೆಯಲ್ಲೇ ಬಂಡೆಗಳ ತುಂಬ ಜಲಪಾತಗಳು ಹುಟ್ಟುವುದರಿಂದ, ಒದ್ದೆಯಾಗುವುದನ್ನು ಒಪ್ಪಿಕೊಂಡವರಿಗೆ ಅದು ಕೊರತೆಯಲ್ಲ. ಡೇರೆ ಹಾಕುವಂತಿಲ್ಲ. ಗುಡಿಸಲುಗಳಲ್ಲಿ ಹಾಸಿಗೆಯೂ ಗ್ಯಾಸ್ ಒಲೆಯೂ ಇವೆ, ಸ್ಲೀಪಿಂಗ್ ಬ್ಯಾಗ್, ಪಾತ್ರೆ, ಆಹಾರ ನಿಮ್ಮದು. ಚಾರಣದ ಋತುವಿನಲ್ಲಿ ಒಂದೇ ದಿಕ್ಕಿನಲ್ಲಿ ನಡೆಯಬೇಕು, ಸ್ವತಂತ್ರವಾಗಿ ನಡೆಯುವವರಿಗೆ ದಿನಕ್ಕೆ 40 ಜನರ ಮಿತಿ. ಹೀಗಾಗಿ ದಾರಿಯಲ್ಲಿ ನೆಮ್ಮದಿಯಿದೆ, ಜಾಗ ಸಿಗುವುದು ಕಷ್ಟ, ನಡುವೆ ಬಿಟ್ಟು ಬರುವುದೂ ಸುಲಭವಲ್ಲ.

ಐಸ್‌ಲ್ಯಾಂಡಿನ ಲೌಗಾವೆಗುರ್ ಸುಮಾರು 55 ಕಿಲೋಮೀಟರ್, ಇದಕ್ಕೂ ನಾಲ್ಕು ದಿನ. ಬಣ್ಣಬಣ್ಣದ ಜ್ವಾಲಾಮುಖಿ ಬೆಟ್ಟಗಳು, ಬಿಸಿನೀರಿನ ಬುಗ್ಗೆಗಳು, ಕಪ್ಪು ಮರಳಿನ ಬಯಲು ಎಲ್ಲವೂ ಅಷ್ಟು ಕಡಿಮೆ ದೂರದಲ್ಲಿ ಸಿಗುತ್ತವೆ. ಗುಡಿಸಲುಗಳಿವೆ, ಅವುಗಳ ಪಕ್ಕದ ಗೊತ್ತಾದ ಜಾಗದಲ್ಲಿ ಡೇರೆಯನ್ನೂ ಹಾಕಬಹುದು. ಡೇರೆ ಆರಿಸಿಕೊಂಡರೆ ರಾತ್ರಿಯ ಖರ್ಚು ಬಹಳ ಕಡಿಮೆಯಾಗುತ್ತದೆ, ಆದರೆ ಮರಗಳ ಆಸರೆಯಿಲ್ಲದ ಬಯಲಿನಲ್ಲಿ ಬೀಸುವ ಗಾಳಿಯನ್ನು ತಡೆಯಬಲ್ಲ ಗಟ್ಟಿ ಡೇರೆಗೆ ಮೊದಲೇ ಹಣ ಹಾಕಬೇಕಾಗುತ್ತದೆ. ಅಗ್ಗದ ಹಗುರ ಡೇರೆಯನ್ನು ಇಲ್ಲಿಗೆ ಒಯ್ಯಬೇಡಿ. ಸೇತುವೆಯಿಲ್ಲದ, ಮಂಜು ಕರಗಿದ ನೀರಿನ ಹೊಳೆಗಳನ್ನು ಕಾಲ್ನಡಿಗೆಯಲ್ಲಿ ದಾಟಬೇಕು. ಚೀಲದ ಸೊಂಟಪಟ್ಟಿಯನ್ನು ಬಿಚ್ಚಿ, ಕೋಲುಗಳನ್ನು ಊರಿ, ಹಿಮ ಕಡಿಮೆ ಕರಗಿರುವ ಬೆಳಗಿನ ಹೊತ್ತಿನಲ್ಲಿ ದಾಟುವುದು ಕ್ಷೇಮ.

ಪೆರುವಿನ ಇಂಕಾ ಟ್ರೇಲ್ ಬಗ್ಗೆ ಕೇಳುವವರಿಗೆ ಇಷ್ಟು ಹೇಳಿದರೆ ಸಾಕು: ಸುಮಾರು 43 ಕಿಲೋಮೀಟರ್, ನಾಲ್ಕು ದಿನ, 4,215 ಮೀಟರಿನ ಒಂದು ಕಠಿಣ ಕಣಿವೆದಾರಿ, ಕೊನೆಗೆ ಮಾಚು ಪಿಚು. ಪರವಾನಗಿ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕು, ಪೋರ್ಟರುಗಳೂ ಸೇರಿ ದಿನಕ್ಕೆ 500 ಜನ, ಫೆಬ್ರವರಿಯಲ್ಲಿ ದಾರಿ ಮುಚ್ಚಿರುತ್ತದೆ. ಇತಿಹಾಸದ ಆಸಕ್ತಿಯಿದ್ದರೆ ಇದಕ್ಕೆ ಬದಲಿಯಿಲ್ಲ. ಬೆಟ್ಟಗಳಿಗಾಗಿ ಮಾತ್ರ ಹೋಗುವವರಿಗೆ ಮೇಲಿನವುಗಳಲ್ಲೇ ಉತ್ತಮವಾದವಿವೆ.

ಶೂನಲ್ಲಿ ಜಿಪುಣತನ ಬೇಡ

1935ರಲ್ಲಿ ಆಲ್ಪ್ಸ್‌ನಲ್ಲಿ ನಡೆದ ದುರಂತವೊಂದರಲ್ಲಿ ಆರು ಮಂದಿ ಸಂಗಾತಿಗಳನ್ನು ಕಳೆದುಕೊಂಡ ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿ, ಆ ಕಾಲದ ಪಾದರಕ್ಷೆಗಳ ಕೊರತೆಯನ್ನು ನೀಗಿಸಲು ಆಳವಾದ ಗೀರುಗಳುಳ್ಳ ರಬ್ಬರ್ ಅಟ್ಟೆಯನ್ನು ರೂಪಿಸಿ 1937ರಲ್ಲಿ ಪೇಟೆಂಟ್ ಪಡೆದರು. ವಿಬ್ರಮ್ ಎಂಬ ಹೆಸರು ಹುಟ್ಟಿದ್ದು ಅವರ ಹೆಸರಿನಿಂದಲೇ. ಅಟ್ಟೆಯ ಹಿಡಿತ ಅಲಂಕಾರದ ಮಾತಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಯ್ಕೆ ಇರುವುದು ಹಗುರವಾದ ಟ್ರೇಲ್ ಶೂ ಮತ್ತು ಕಣಕಾಲು ಮುಚ್ಚುವ ಬೂಟಿನ ನಡುವೆ. ಕಾಲಿನಲ್ಲಿರುವ ಒಂದು ಕಿಲೋ ಭಾರ ಬೆನ್ನಿನ ಮೇಲಿನ ಸುಮಾರು ಐದು ಕಿಲೋಗಳಷ್ಟು ದಣಿವು ತರುತ್ತದೆ ಎಂಬುದು ಚಾರಣಿಗರಲ್ಲಿ ಬಳಕೆಯಲ್ಲಿರುವ ಲೆಕ್ಕ. ಆದ್ದರಿಂದ ಮಾಂಟ್ ಬ್ಲಾಂಕ್‌ನಂತಹ ಬೇಸಿಗೆಯ ದಾರಿಗೆ, 8 ಕಿಲೋ ಒಳಗಿನ ಹೊರೆಗೆ, ಟ್ರೇಲ್ ಶೂ ಸಾಕು, ಒದ್ದೆಯಾದರೂ ಬೇಗ ಒಣಗುತ್ತದೆ. ಬೇಸ್ ಕ್ಯಾಂಪ್, ಕಿಲಿಮಂಜಾರೋಗಳ ಚಳಿಗೂ, ಡೇರೆ ಹೊತ್ತು ಕಲ್ಲುಗಳ ಮೇಲೆ ನಡೆಯುವುದಕ್ಕೂ ಬೂಟೇ ಮೇಲು. ಎರಡರಲ್ಲಿ ಯಾವುದೇ ಆಗಲಿ, ಇಳಿಜಾರಿನಲ್ಲಿ ಬೆರಳುಗಳು ಮುಂದಕ್ಕೆ ತಾಗದಂತೆ ಅರ್ಧ ಅಳತೆ ದೊಡ್ಡದನ್ನು, ಕಾಲು ಊದಿರುವ ಸಂಜೆಯ ಹೊತ್ತಿನಲ್ಲಿ, ದಪ್ಪ ಕಾಲುಚೀಲ ಹಾಕಿಕೊಂಡು ನೋಡಿ ಕೊಳ್ಳಬೇಕು.

ಮನೆಯಲ್ಲಿ ವರ್ಷಗಟ್ಟಲೆ ಇಟ್ಟ ಹಳೆಯ ಬೂಟಿದ್ದರೆ ಒಂದು ಎಚ್ಚರಿಕೆ ಅಗತ್ಯ. ಅಟ್ಟೆಯ ಒಳಪದರದ ಪಾಲಿಯುರಿಥೇನ್ ಗಾಳಿಯ ತೇವವನ್ನು ಹೀರಿ, ಬಳಸದೇ ಇದ್ದರೂ ಪುಡಿಯಾಗುತ್ತ ಬರುತ್ತದೆ. ನೋಡಲು ಹೊಸದರಂತಿದ್ದ ಜೋಡಿಯೊಂದರ ಅಟ್ಟೆ ನಡಿಗೆಯ ಎರಡನೆಯ ದಿನವೇ ಕಳಚಿಕೊಂಡು, ನನ್ನ ಸಂಗಾತಿಯೊಬ್ಬರು ಅದನ್ನು ಹಗ್ಗದಿಂದ ಕಟ್ಟಿಕೊಂಡು ಇಳಿಯಬೇಕಾಯಿತು.

ಮಲಗುವ ಸಾಮಾನು

ಸ್ಲೀಪಿಂಗ್ ಬ್ಯಾಗ್‌ಗಳ ಮೇಲೆ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂಬ ಮೂರು ಉಷ್ಣತೆಯ ಅಂಕಿಗಳಿರುತ್ತವೆ. ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವುದನ್ನು ಬಿಟ್ಟು ಕಂಫರ್ಟ್ ಅಂಕಿಯನ್ನು ಮಾತ್ರ ನೋಡಿ. ಎಕ್ಸ್‌ಟ್ರೀಮ್ ಎಂಬುದು ಜೀವ ಉಳಿಯುವ ಮಟ್ಟವೇ ಹೊರತು ನಿದ್ದೆ ಬರುವ ಮಟ್ಟವಲ್ಲ. ಎವರೆಸ್ಟ್, ಕಿಲಿಮಂಜಾರೋಗಳಿಗೆ ಮೈನಸ್ 10 ಡಿಗ್ರಿ, ಐಸ್‌ಲ್ಯಾಂಡಿನ ಬೇಸಿಗೆಯ ಡೇರೆಗೆ ಸೊನ್ನೆಯ ಆಸುಪಾಸು ಸರಿಹೊಂದುತ್ತವೆ. ಪಕ್ಷಿಗಳ ನವಿರು ತುಂಬಿದ ಡೌನ್ ಬ್ಯಾಗ್ ಹಗುರ, ಚಿಕ್ಕದಾಗಿ ಮಡಚಿಕೊಳ್ಳುತ್ತದೆ, ದುಬಾರಿ, ಒದ್ದೆಯಾದರೆ ಬಿಸಿಯನ್ನು ಹಿಡಿಯುವುದಿಲ್ಲ. ಸಿಂಥೆಟಿಕ್ ಭಾರ, ಅಗ್ಗ, ಒದ್ದೆಯಾದರೂ ತಕ್ಕಮಟ್ಟಿಗೆ ಬೆಚ್ಚಗಿರುತ್ತದೆ. ಒಣ ಚಳಿಯ ಎತ್ತರಕ್ಕೆ ಡೌನ್, ಮಳೆಯ ಮಿಲ್‌ಫೋರ್ಡ್‌ಗೆ ಸಿಂಥೆಟಿಕ್. ಒಂದೇ ಒಂದು ಎತ್ತರದ ಚಾರಣಕ್ಕಾದರೆ ಕೊಳ್ಳದೆ ಬಾಡಿಗೆಗೆ ತನ್ನಿ. ಡೇರೆಯಲ್ಲಿ ಮಲಗುವವರು ಕೆಳಗಿನ ಹಾಸಿನ ಬಗ್ಗೆಯೂ ಅಷ್ಟೇ ಯೋಚಿಸಬೇಕು, ಏಕೆಂದರೆ ಮೈಭಾರಕ್ಕೆ ಒತ್ತಿಹೋದ ಬ್ಯಾಗು ನೆಲದ ತಂಪನ್ನು ತಡೆಯುವುದಿಲ್ಲ; ಹಾಸು ತಂಪನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಅಂಕಿಯಾದ ಆರ್-ವ್ಯಾಲ್ಯೂ ಐಸ್‌ಲ್ಯಾಂಡಿಗೆ 3ಕ್ಕಿಂತ ಮೇಲಿರಲಿ.

ಮಳೆ, ಕುಡಿಯುವ ನೀರು, ಉಳಿದದ್ದು

ತಲೆಯ ಮೇಲಿಂದ ಹಾಕಿಕೊಳ್ಳುವ ಸಡಿಲ ಮಳೆಹೊದಿಕೆಯಾದ ಪೋಂಚೊ ಅಗ್ಗ, ಚೀಲವನ್ನೂ ಮುಚ್ಚುತ್ತದೆ, ಗಾಳಿಯಿಲ್ಲದ ಕಾಡಿನ ಮಳೆಗೆ ಚೆನ್ನಾಗಿದೆ. ಬಯಲಿನ ಗಾಳಿಯಲ್ಲಿ ಅದು ಪಟದಂತೆ ಹಾರಾಡುವುದರಿಂದ ಲೌಗಾವೆಗುರ್‌ಗೂ ಆಲ್ಪ್ಸ್‌ಗೂ ಟೋಪಿಯುಳ್ಳ ಜಾಕೆಟ್ಟೇ ಬೇಕು. ಎಷ್ಟೇ ಬೆಲೆಯ ಜಾಕೆಟ್ ಆದರೂ ದಿನವಿಡೀ ಸುರಿಯುವ ಮಳೆಗೆ ಕೊನೆಗೆ ಸೋಲುತ್ತದೆ. ಆದ್ದರಿಂದ ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಹಾಕಿ, ಮಲಗುವ ಬಟ್ಟೆ ಮತ್ತು ಸ್ಲೀಪಿಂಗ್ ಬ್ಯಾಗನ್ನು ಅದರಲ್ಲಿಟ್ಟು ಬಾಯಿ ಕಟ್ಟುವುದು ಹೊರಗಿನ ಹೊದಿಕೆಗಿಂತ ನಂಬಿಕೆಯ ಉಪಾಯ. ಹತ್ತಿಯ ಬಟ್ಟೆ ಒದ್ದೆಯಾದರೆ ಒಣಗದೆ ಮೈಬಿಸಿಯನ್ನು ಎಳೆದುಕೊಳ್ಳುತ್ತದೆ. ಮೈಗೆ ತಾಗುವ ಪದರ ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ.

ನೀರಿಗೆ ಕೊಳವೆಯಂತಹ ಫಿಲ್ಟರ್ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ವೈರಸ್‌ಗಳನ್ನು ಸಾಮಾನ್ಯವಾಗಿ ತಡೆಯುವುದಿಲ್ಲ, ಒಳಗಿನ ನೀರು ಹೆಪ್ಪುಗಟ್ಟಿದರೆ ಕೆಡುತ್ತದೆ. ಹಿಮಾಲಯದಲ್ಲಿ ಅದನ್ನು ರಾತ್ರಿ ಸ್ಲೀಪಿಂಗ್ ಬ್ಯಾಗ್‌ನೊಳಗೆ ಇಟ್ಟುಕೊಳ್ಳಬೇಕು, ಇಲ್ಲವೇ ಕ್ಲೋರಿನ್ ಡಯಾಕ್ಸೈಡ್ ಮಾತ್ರೆ ಬಳಸಬೇಕು. ಕುದಿಸುವುದಾದರೆ ಒಂದು ನಿಮಿಷ, 2,000 ಮೀಟರಿಗಿಂತ ಮೇಲೆ ಮೂರು ನಿಮಿಷ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ತಲುಪಿದ ಮೇಲೆ ಕೊಳ್ಳಬೇಕು. ನಡಿಗೆಯ ಕೋಲು, ಹೆಡ್‌ಲ್ಯಾಂಪ್, ಸೀಟಿ ಎಲ್ಲ ದಾರಿಗಳಿಗೂ ಬೇಕು. ನಿಮಿಷಕ್ಕೆ ಆರು ಬಾರಿ ಊದಿ ಒಂದು ನಿಮಿಷ ನಿಲ್ಲಿಸುವುದು ಆಲ್ಪ್ಸ್‌ನಲ್ಲಿ ಅಪಾಯದ ಸಂಕೇತ.

ಯಾರಿಗೆ ಯಾವುದು

ಮೊದಲ ಚಾರಣ, ಸಾಮಾನು ಏನೂ ಇಲ್ಲ, ದಿನಕ್ಕೆ ಸ್ವಲ್ಪ ಹೆಚ್ಚು ಖರ್ಚಾದರೂ ಅಡ್ಡಿಯಿಲ್ಲ ಎನ್ನುವವರಿಗೆ ಮಾಂಟ್ ಬ್ಲಾಂಕ್, ಅದೂ ಪೂರ್ತಿ ಸುತ್ತದೆ ಐದು ದಿನಗಳ ಭಾಗವನ್ನು ಮಾತ್ರ. ಮೂರು ವಾರ ಬಿಡುವಿದ್ದು ದೊಡ್ಡ ಪರ್ವತಗಳನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ ಬೇಸ್ ಕ್ಯಾಂಪ್. ಬಿಡುವು ಹತ್ತೇ ದಿನ, ಶಿಖರದ ಮೇಲೆ ನಿಲ್ಲಲೇಬೇಕೆಂಬ ಆಸೆ, ಹಣದ ಅನುಕೂಲವೂ ಇದೆ ಎಂದಾದರೆ ಎಂಟು ದಿನಗಳ ಲೆಮೋಶೋ. ವಯಸ್ಸಾದವರೊಂದಿಗೆ ಅಥವಾ ಎತ್ತರಕ್ಕೆ ಒಗ್ಗದ ದೇಹದವರೊಂದಿಗೆ ಹೋಗುವವರು ಮಿಲ್‌ಫೋರ್ಡ್ ನೋಡಲಿ. ಅಲ್ಲಿ ಗೈಡ್ ಜೊತೆಗಿನ ನಡಿಗೆಯಲ್ಲಿ ಊಟ, ಹಾಸಿಗೆ ಸಹಿತವಾದ ಬೇರೆ ವಸತಿಗಳೂ ಇವೆ. ಒಳ್ಳೆಯ ಡೇರೆ ಈಗಾಗಲೇ ಇರುವವರಿಗೆ ಲೌಗಾವೆಗುರ್‌ನಷ್ಟು ಕಡಿಮೆ ದಿನಗಳಲ್ಲಿ ಅಷ್ಟು ಬಗೆಯ ನೆಲವನ್ನು ತೋರಿಸುವ ದಾರಿ ನನಗೆ ತಿಳಿದಂತೆ ಇನ್ನೊಂದಿಲ್ಲ.

ಆರಿಸಿಕೊಂಡ ಮೇಲೆ, ಟಿಕೆಟ್ ಕೊಳ್ಳುವ ಮೊದಲು, ನಿಜವಾಗಿ ಒಯ್ಯಲಿರುವಷ್ಟೇ ಭಾರವನ್ನು ಚೀಲಕ್ಕೆ ತುಂಬಿ, ಅದೇ ಶೂ ಹಾಕಿಕೊಂಡು, ಹತ್ತಿರದ ಯಾವುದಾದರೂ ಗುಡ್ಡದಲ್ಲಿ ಸತತ ಎರಡು ದಿನ ಆರಾರು ಗಂಟೆ ನಡೆಯಿರಿ. ಮೊದಲ ದಿನ ಎಲ್ಲರೂ ನಡೆಯುತ್ತಾರೆ. ಎರಡನೆಯ ದಿನದ ಬೆಳಗ್ಗೆ ಹಿಮ್ಮಡಿ, ಮಂಡಿ, ಭುಜ ಹೇಗಿವೆ ಎಂಬುದನ್ನು ನೋಡಿ, ಚೀಲದಿಂದ ಯಾವುದನ್ನು ತೆಗೆಯಬೇಕು ಅಥವಾ ದಾರಿಗೆ ಎಷ್ಟು ದಿನ ಸೇರಿಸಬೇಕು ಎಂಬುದನ್ನು ಅಲ್ಲೇ ಬರೆದಿಟ್ಟುಕೊಳ್ಳಿ.